ಡೆಬಿಟ್ ಕಾರ್ಡೋ, ಕ್ರೆಡಿಟ್ ಕಾರ್ಡೋ, ನೇರ ವರ್ಗಾವಣೆಯೋ?

ಪ್ರಶ್ನೆ: ಖಾತೆಯಲ್ಲಿ ಹಣವಿದೆ, ಸಾಲ ಮಾಡುವ ಅಭ್ಯಾಸವಿಲ್ಲ. ಆದರೂ ಆನ್‌ಲೈನ್ ಖರೀದಿಗೆ ಕ್ರೆಡಿಟ್ ಕಾರ್ಡನ್ನೇ ಬಳಸಿ ಎನ್ನುತ್ತಾರೆ. ಯಾಕೆ? ಬ್ಯಾಂಕಿನಿಂದ ನೇರವಾಗಿ ವರ್ಗಾಯಿಸಿದರೆ ಇನ್ನೂ ಸುರಕ್ಷಿತವಲ್ಲವೇ?

ಉತ್ತರ: ಅಲ್ಲ. ಗುರುತಿಲ್ಲದ ಮಾರಾಟಗಾರರಿಗೆ ಮುಂಗಡ ಕೊಡುವಾಗ ನೇರ ವರ್ಗಾವಣೆಯಲ್ಲೇ ಅಪಾಯ ಹೆಚ್ಚು. ದಾರಿಯಲ್ಲಿ ಹಣ ಕದ್ದುಹೋಗುವುದು ಅಪರೂಪ. ತೊಂದರೆ ಶುರುವಾಗುವುದು ಅದು ತಲುಪಿದ ಮೇಲೆ. ವರ್ಗಾವಣೆಯಲ್ಲಿ ಹಣವನ್ನು ತಳ್ಳಿದವರು ನೀವೇ. ಹೀಗಾಗಿ ಪಡೆದವರು ಒಪ್ಪದೆ ಅದನ್ನು ವಾಪಸ್ ತರಿಸುವುದು ಬ್ಯಾಂಕಿಗೂ ಕಷ್ಟ. ಕಾರ್ಡಿನಲ್ಲಿ ಹಾಗಲ್ಲ. ಅಲ್ಲಿ ಮಾರಾಟಗಾರರ ಬ್ಯಾಂಕು ನಿಮ್ಮ ಬ್ಯಾಂಕಿನಿಂದ ಹಣ ಕೇಳಿ ಪಡೆಯುತ್ತದೆ, ನಿಮ್ಮ ತಕರಾರು ಸರಿಯೆಂದು ಕಂಡರೆ ಅದೇ ದಾರಿಯಲ್ಲಿ ಹಿಂದಿರುಗಿಸಬೇಕಾಗುತ್ತದೆ. ಇದಕ್ಕೆ ಚಾರ್ಜ್‌ಬ್ಯಾಕ್ ಎನ್ನುತ್ತಾರೆ.

ಚಾರ್ಜ್‌ಬ್ಯಾಕ್ ಡೆಬಿಟ್ ಕಾರ್ಡಿಗೂ ಇದೆ. ವ್ಯತ್ಯಾಸ ಇಷ್ಟೇ: ತಕರಾರು ಇತ್ಯರ್ಥವಾಗುವವರೆಗೆ ಕ್ರೆಡಿಟ್ ಕಾರ್ಡಿನಲ್ಲಿ ಸಿಕ್ಕಿಕೊಂಡಿರುವುದು ಬ್ಯಾಂಕಿನ ಹಣ, ಡೆಬಿಟ್ ಕಾರ್ಡಿನಲ್ಲಿ ನಿಮ್ಮ ಹಣ. ಬಾಡಿಗೆ, ಕಂತು ಕಟ್ಟಬೇಕಾದ ಖಾತೆಯೇ ವಾರಗಟ್ಟಲೆ ಬರಿದಾಗಿದ್ದರೆ ಕೊನೆಗೆ ನ್ಯಾಯ ಸಿಕ್ಕಿದರೂ ಪೆಟ್ಟು ಬಿದ್ದಿರುತ್ತದೆ. ಹೋಟೆಲು, ಬಾಡಿಗೆ ಕಾರಿನವರು ಠೇವಣಿಯೆಂದು ಮೊತ್ತ ತಡೆಹಿಡಿದಾಗಲೂ ಇದೇ ಕಥೆ. ಬಿಲ್ ಬಂದ ತಿಂಗಳೇ ಪೂರ್ತಿ ಕಟ್ಟುವವರಿಗೆ ಕ್ರೆಡಿಟ್ ಕಾರ್ಡ್ ಸಾಲವಲ್ಲ, ಗುರಾಣಿ. ಕಟ್ಟಲಾಗದವರಿಗೆ ಮಾತ್ರ ಬಡ್ಡಿಯೇ ವಂಚನೆಗಿಂತ ದೊಡ್ಡ ನಷ್ಟವಾದೀತು. ಅಂಥವರು ಆನ್‌ಲೈನ್ ಖರೀದಿಗೆಂದೇ ಬೇರೊಂದು ಸಣ್ಣ ಖಾತೆ ತೆರೆದು ಅದರ ಡೆಬಿಟ್ ಕಾರ್ಡ್ ಬಳಸುವುದು ಒಳ್ಳೆಯದು.

ತಕರಾರು ಹಾಕುವಾಗಲೇ ಬಹಳ ಮಂದಿ ಎಡವುತ್ತಾರೆ. ಹಣ ಕೊಟ್ಟದ್ದು ತಾವೇ, ಬಂದ ವಸ್ತು ಕೆಟ್ಟದ್ದು. ಆದರೂ ‘ಈ ವ್ಯವಹಾರ ನಾನು ಮಾಡಿಲ್ಲ’ ಎಂಬ ಕಾರಣವನ್ನು ಆರಿಸುತ್ತಾರೆ. ಬ್ಯಾಂಕು ದಾಖಲೆ ತೆಗೆದು ನೋಡಿದರೆ ಒಟಿಪಿ ನಿಮ್ಮ ಫೋನಿನಿಂದಲೇ ಹೋಗಿರುತ್ತದೆ, ಅರ್ಜಿ ಅಲ್ಲಿಗೇ ಬಿದ್ದುಹೋಗುತ್ತದೆ. ‘ವಸ್ತು ಬಂದಿಲ್ಲ’ ಅಥವಾ ‘ಹೇಳಿದಂತಿಲ್ಲ’ ಎಂದೇ ಬರೆಯಿರಿ. ಮೊದಲು ಮಾರಾಟಗಾರರಿಗೆ ಲಿಖಿತವಾಗಿ ದೂರು ಕೊಡಿ. ವಸ್ತು ಸರಿಯಿಲ್ಲದಿದ್ದರೆ ಹಿಂದಿರುಗಿಸಲು ಯತ್ನಿಸಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ. ಹಣ ಕೊಟ್ಟ ದಿನವೇ ವಸ್ತುವಿನ ವಿವರ, ತಲುಪಿಸುವ ದಿನಾಂಕ ಇರುವ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಆ ಪುಟವೇ ಇಲ್ಲದಿರಬಹುದು. ವೀಸಾ, ಮಾಸ್ಟರ್‌ಕಾರ್ಡ್‌ಗಳಲ್ಲಿ ಇಂಥ ತಕರಾರಿಗೆ ಸಾಮಾನ್ಯವಾಗಿ 120 ದಿನಗಳ ಗಡುವಿದೆ, ನಿಮ್ಮ ಬ್ಯಾಂಕು ಇನ್ನೂ ಬೇಗ ಕೇಳಬಹುದು. ‘ಇನ್ನೊಂದು ತಿಂಗಳು ಕಾಯಿರಿ’ ಎಂದು ವಂಚಕರು ಸಬೂಬು ಹೇಳುತ್ತಾ ಹೋಗುವುದು ಈ ಗಡುವು ದಾಟಿಸಲಿಕ್ಕೇ.

ಕಾರ್ಡಿನ ಹಿಂಬದಿಯ ಕಾಂತಪಟ್ಟಿ ಪ್ರತಿ ಬಾರಿಯೂ ಅದೇ ಮಾಹಿತಿ ಕೊಡುತ್ತದೆ, ಹಾಗಾಗಿ ನಕಲು ಸುಲಭ. ಚಿಪ್ ಪ್ರತಿ ವ್ಯವಹಾರಕ್ಕೂ ಹೊಸ ಸಂಕೇತ ಹುಟ್ಟಿಸುತ್ತದೆ. ಅಂಗಡಿಯಲ್ಲಿ ಪಟ್ಟಿ ಉಜ್ಜಿಸಬೇಡಿ, ಚಿಪ್ ತೂರಿಸಿ ಅಥವಾ ತಾಗಿಸಿ. ಕಾರ್ಡನ್ನು ಫೋನಿಗೆ ಸೇರಿಸಿ ತಾಗಿಸುವ ವಾಲೆಟ್ ಇನ್ನೂ ಮೇಲು, ಏಕೆಂದರೆ ಅಸಲಿ ಸಂಖ್ಯೆಯ ಬದಲು ಟೋಕನ್ ಎಂಬ ಬದಲಿ ಸಂಖ್ಯೆ ಹೋಗುತ್ತದೆ. ವಾಲೆಟ್‌ಗೆ ಸೇರಿಸಿದ್ದು ಕ್ರೆಡಿಟ್ ಕಾರ್ಡಾದರೆ ಅದರ ರಕ್ಷಣೆಯೂ ಉಳಿಯುತ್ತದೆ. ವಾಲೆಟ್‌ನ ದುರ್ಬಲ ಜಾಗ ಕಾರ್ಡ್ ಸೇರಿಸುವ ಹಂತ: ನಿಮ್ಮಿಂದ ಒಟಿಪಿ ಕೇಳಿ ಪಡೆದು ವಂಚಕರು ನಿಮ್ಮ ಕಾರ್ಡನ್ನು ತಮ್ಮ ಫೋನಿಗೇ ಸೇರಿಸಿಕೊಳ್ಳುತ್ತಾರೆ. ಒಟಿಪಿಯ ಅಂಕಿಗಿಂತ ಮೊದಲು ಅದು ಯಾವುದಕ್ಕೆ ಬಂದಿದೆ ಎಂಬ ಸಾಲನ್ನು ಓದಿ.

ನಗದು, ವಸ್ತು ಕೈಗೆ ಬಂದು ಪರೀಕ್ಷಿಸಿದ ಮೇಲೆ ಕೊಡುವುದಾದರೆ ಸರಿ. ಗಿಫ್ಟ್ ಕಾರ್ಡ್ ಸಂಖ್ಯೆ ಅಥವಾ ಕ್ರಿಪ್ಟೊ ಮೂಲಕವೇ ಕೊಡಿ ಎಂದು ಹಟ ಹಿಡಿಯುವವರ ಬಳಿ ಏನನ್ನೂ ಕೊಳ್ಳಬೇಡಿ.

ಈಗಾಗಲೇ ವರ್ಗಾಯಿಸಿ ಮೋಸಹೋಗಿದ್ದರೆ ಮಾರಾಟಗಾರರ ಜೊತೆ ವಾದಿಸುತ್ತಾ ಕೂರಬೇಡಿ. ಕಾರ್ಡಿನ ಹಿಂದೆ ಅಥವಾ ಬ್ಯಾಂಕಿನ ಆ್ಯಪ್‌ನಲ್ಲಿರುವ ಸಂಖ್ಯೆಗೆ ಆ ಕ್ಷಣವೇ ಕರೆಮಾಡಿ, ವ್ಯವಹಾರದ ಉಲ್ಲೇಖ ಸಂಖ್ಯೆ ಕೊಟ್ಟು, ಹಣ ತಲುಪಿದ ಖಾತೆಯನ್ನು ತಡೆಹಿಡಿಸಲು ಆ ಬ್ಯಾಂಕನ್ನು ಕೋರುವಂತೆ ಕೇಳಿ, ದೂರಿನ ಸಂಖ್ಯೆ ಪಡೆಯಿರಿ. ಹಣ ಅಲ್ಲಿಂದ ಮತ್ತೊಂದು ಖಾತೆಗೆ ದಾಟುವ ಮುನ್ನ ಈ ಕರೆ ಹೋಗಬೇಕು.