ಹುಣಸೆಮರದ ತಿರುವಿನಲ್ಲೇ ಯಾಕೆ ನಿಲ್ಲುತ್ತಿತ್ತು ಯೆಜ್ಡಿ?

ನಮ್ಮ ಚಿಕ್ಕಪ್ಪನ ಯೆಜ್ಡಿ ರೋಡ್‌ಕಿಂಗ್ ಬೈಕು ಸಂತೆಗೆ ಹೊರಟು ಹುಣಸೆಮರದ ತಿರುವಿಗೆ ಬಂದರೆ ಸಾಕು, ಎರಡು ಸಲ ಮುಗ್ಗರಿಸಿ ನಿಂತುಬಿಡುತ್ತಿತ್ತು. ಎಷ್ಟು ಕಿಕ್ ಹೊಡೆದರೂ ಜಗ್ಗುತ್ತಿರಲಿಲ್ಲ. ಹತ್ತು ನಿಮಿಷ ಬಿಟ್ಟು ಹೊಡೆದರೆ ಒಂದೇ ಏಟಿಗೆ ಸ್ಟಾರ್ಟ್. ಆ ಮರದಲ್ಲಿ ಏನೋ ಇದೆ ಎಂಬ ಮಾತು ಊರಲ್ಲಿ ಮೊದಲೇ ಇತ್ತು. ಹ್ಯಾಂಡಲಿಗೆ ನಿಂಬೆಹಣ್ಣು ಬಂತು, ಮರದ ಬುಡದಲ್ಲಿ ತೆಂಗಿನಕಾಯಿ ಒಡೆದದ್ದೂ ಆಯಿತು. ಕಾಯಿ ಒಡೆದು ಕೈಮುಗಿಯುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು, ಗಾಡಿ ಸ್ಟಾರ್ಟ್ ಆಯಿತು. ಇನ್ನು ನಂಬದವರು ಯಾರು? ಅಷ್ಟರಲ್ಲಿ ಪೆಟ್ರೋಲನ್ನು ಗಾಳಿಗೆ ಬೆರೆಸುವ ಕಾರ್ಬ್ಯುರೇಟರ್ ಎರಡು ಸಲ ಬಿಚ್ಚಿ, ಅದರೊಳಗಿನ ಸಣ್ಣ ತೂತಿನ ಜೆಟ್ ಊದಿ, ಕಡೆಗೆ ಹೊಸದನ್ನೇ ಹಾಕಿಸಿಯಾಗಿತ್ತು.

ಒಂದು ದಿನ ನಾನು ಹಿಂದೆ ಕೂತಿದ್ದೆ. ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿದೆ. 'ಸುಸ್ಸ್' ಎಂದು ಗಾಳಿ ಒಳಗೆ ನುಗ್ಗಿತು. ಮುಚ್ಚಳ ಹಾಕಿ ಒಂದರೆಗಳಿಗೆ ಬಿಟ್ಟು ಕಿಕ್ ಹೊಡೆದರೆ ಗಾಡಿ ಎದ್ದಿತು. ಮುಚ್ಚಳದಲ್ಲಿರುವ ಸೂಜಿಮೊನೆಯಷ್ಟು ಸಣ್ಣ ತೂತಿನಲ್ಲಿ ತುಕ್ಕು, ದೂಳು ಕಟ್ಟಿಕೊಂಡಿತ್ತು.

ಇಂಜಿನ್ ಪೆಟ್ರೋಲನ್ನು ಎಳೆದುಕೊಳ್ಳುತ್ತದೆ ಎಂದು ನಾವೆಲ್ಲ ಹೇಳುತ್ತೇವಲ್ಲ, ಗೊಂದಲ ಶುರುವಾಗುವುದೇ ಅಲ್ಲಿ. ಎಳೆಯುವುದು ಗಾಳಿಗೆ ಗೊತ್ತೇ ಇಲ್ಲ. ಅದಕ್ಕೆ ಬರುವುದು ತಳ್ಳುವ ಕೆಲಸವೊಂದೇ. ಸ್ಟ್ರಾ ಹಾಕಿ ಎಳನೀರು ಕುಡಿಯುವಾಗ ಬಾಯೊಳಗಿನ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಬುರುಡೆಯೊಳಗಿನ ನೀರನ್ನು ಒತ್ತಿ ಮೇಲಕ್ಕೆ ಕಳಿಸುತ್ತದೆ. ಎಣ್ಣೆ ಟಿನ್ನಿಗೆ ಒಂದೇ ತೂತು ಕೊರೆದು ಬಗ್ಗಿಸಿ ನೋಡಿ, ಗಳಕ್ ಗಳಕ್ ಎಂದು ತಡೆತಡೆದು ಬೀಳುತ್ತದೆ. ಎದುರಿಗೆ ಇನ್ನೊಂದು ತೂತು ಕೊರೆದರೆ ಧಾರೆ ಸಲೀಸು. ಟ್ಯಾಂಕಿನ ಮುಚ್ಚಳದ ತೂತು ಆ ಎರಡನೆಯ ತೂತು.

ಎಳೆತವೋ ತಳ್ಳುವಿಕೆಯೋ ಎಂಬುದು 17ನೇ ಶತಮಾನದ ದೊಡ್ಡ ಒಗಟು. ಇಟಲಿಯ ಬಾವಿ ತೋಡುವವರ ಪಂಪುಗಳು ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಎತ್ತುತ್ತಲೇ ಇರಲಿಲ್ಲ. ಗೆಲಿಲಿಯೊಗೂ ಇದು ಕಾಡಿತ್ತು. ಅವನ ಜೊತೆಗಿದ್ದ ವಿಜ್ಞಾನಿ ಟಾರಿಚೆಲ್ಲಿ ನಾವೆಲ್ಲ ಗಾಳಿಯ ಕಡಲಿನ ತಳದಲ್ಲಿ ಬದುಕುತ್ತಿದ್ದೇವೆ ಎಂದ. ಆ ಕಡಲಿನ ಭಾರ ಎತ್ತಬಲ್ಲದ್ದು ಅಷ್ಟೇ ನೀರನ್ನು. ಪೆಟ್ರೋಲ್ ನೀರಿಗಿಂತ ಹಗುರ, ಹಾಗಾಗಿ ಲೆಕ್ಕಕ್ಕೆ ಸುಮಾರು 14 ಮೀಟರ್ ಎನ್ನಿ.

ಈ 14 ಮೀಟರ್ ಹಿಡಿದುಕೊಂಡು ಗಾಡಿಗೆ ಬನ್ನಿ. ಟ್ಯಾಂಕಿನಿಂದ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ತುಂಬಿ ನಿಲ್ಲುವ ಪುಟ್ಟ ಫ್ಲೋಟ್ ಬಟ್ಟಲಿಗೆ ಪೆಟ್ರೋಲ್ ಇಳಿಯುವುದು ಬರೀ ಎತ್ತರದ ಬಲದಿಂದ. ಆ ಎತ್ತರ 25 ಸೆಂಟಿಮೀಟರ್ ಇದ್ದರೆ, ಅದು 14 ಮೀಟರಿನ ಐವತ್ತರಲ್ಲೊಂದು ಪಾಲೂ ಇಲ್ಲ. ಟ್ಯಾಂಕಿನಲ್ಲಿ 5 ಲೀಟರ್ ಖಾಲಿ ಜಾಗವಿದ್ದು ತೂತು ಪೂರಾ ಮುಚ್ಚಿದೆ ಎಂದುಕೊಳ್ಳಿ. 100 ಮಿಲಿಲೀಟರ್ ಪೆಟ್ರೋಲ್ ಹೋದಾಗ ಒಳಗಿನ ಗಾಳಿ ಐವತ್ತರಲ್ಲೊಂದು ಪಾಲು ಹಿಗ್ಗಿ, ಒತ್ತಡವೂ ಅಷ್ಟೇ ಇಳಿಯುತ್ತದೆ. ಅಲ್ಲಿಗೆ ಇಳಿತ ಬಂದ್. ಲೀಟರಿಗೆ 30 ಕಿಲೋಮೀಟರ್ ಕೊಡುವ ಗಾಡಿ 3 ಕಿಲೋಮೀಟರಿಗೆ ನಿಲ್ಲಬೇಕು! ಪೆಟ್ರೋಲ್ ಆವಿ ಸ್ವಲ್ಪ ಜಾಗ ತುಂಬಿಕೊಡುತ್ತದೆ, ತೂತು ಅಷ್ಟಿಷ್ಟು ಉಸಿರಾಡುತ್ತಿರುತ್ತದೆ, ಹಾಗಾಗಿ ಇನ್ನಷ್ಟು ದೂರ ಹೋದೀತು. ನಿಂತ ಮೇಲೆ ಹತ್ತು ನಿಮಿಷದಲ್ಲಿ ಅದೇ ತೂತಿನಿಂದ ಗಾಳಿ ನಿಧಾನವಾಗಿ ಒಳಗೆ ಸೇರಿ ಪೆಟ್ರೋಲ್ ಮತ್ತೆ ಇಳಿಯುತ್ತಿತ್ತು, ಕಾಯಿ ಒಡೆದಾಗ ಗಾಡಿ ಎದ್ದದ್ದು ಅದಕ್ಕೇ. ಚಿಕ್ಕಪ್ಪ ಪ್ರತಿ ಸಂತೆಗೂ ಹೆಚ್ಚುಕಡಿಮೆ ಒಂದೇ ಅಳತೆ ಪೆಟ್ರೋಲ್ ಇಟ್ಟುಕೊಂಡು ಹೊರಡುತ್ತಿದ್ದರು, ಹುಣಸೆಮರದ ಬಳಿ ಏರು ಶುರುವಾಗಿ ಇಂಜಿನ್ ಹೆಚ್ಚು ಪೆಟ್ರೋಲ್ ಬೇಡುತ್ತಿತ್ತು. ಫುಲ್ ಟ್ಯಾಂಕ್ ಮಾಡಿಸಿದ ದಿನ ಖಾಲಿ ಜಾಗ ಕಡಿಮೆ. ಆಗ ಮರಕ್ಕಿಂತ ಮೊದಲೇ ನಿಲ್ಲುತ್ತಿದ್ದದ್ದನ್ನು ಯಾರೂ ಲೆಕ್ಕಕ್ಕೆ ತಂದುಕೊಂಡಿರಲಿಲ್ಲ.

ಬಿಸಿಯಾಗಿ ಕೈಕೊಟ್ಟು, ಆರಿದ ಮೇಲೆ ಸರಿಹೋಗುವ ಕಂಡೆನ್ಸರ್ (ಕಿಡಿ ಹುಟ್ಟಿಸುವ ವ್ಯವಸ್ಥೆಯ ಒಂದು ಬಿಡಿಭಾಗ) ಕೂಡ ಇದೇ ಆಟ ಆಡಿಸುತ್ತದೆ. ಗಾಡಿ ನಿಂತ ತಕ್ಷಣ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಒದ್ದೆಯಾಗಿದ್ದರೆ ಕಿಡಿಯನ್ನು ಅನುಮಾನಿಸಿ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಓಡುತ್ತಿರುವ ಹಳೆಯ ಯೆಜ್ಡಿಗಳೆಲ್ಲ ಅದಕ್ಕೂ ಹಿಂದಿನವು, ಎಷ್ಟೋ ಟ್ಯಾಂಕುಗಳ ಒಳಗೆ ತುಕ್ಕು. ನಿಂಬೆಹಣ್ಣು ಕಟ್ಟಿ ಓಡಿಸುತ್ತಿದ್ದರೆ ನನಗೆ ಆತಂಕವಾಗುವುದು ಇದಕ್ಕೇ: ಈ ಟೂ ಸ್ಟ್ರೋಕ್ ಇಂಜಿನ್ನಿಗೆ ಆಯಿಲ್ ಸಿಗುವುದೂ ಪೆಟ್ರೋಲಿನ ಜೊತೆಗೇ. ಪೆಟ್ರೋಲ್ ಕಡಿಮೆಯಾದಾಗ ಸಿಲಿಂಡರ್ ಬಿಸಿಯೇರುತ್ತದೆ, ಅದೇ ಹೊತ್ತಿಗೆ ಆಯಿಲೂ ಕಡಿಮೆ. ಏರಿನಲ್ಲಿ ಹೀಗೆ ಆಗುತ್ತಿದ್ದರೆ ಒಂದು ದಿನ ಪಿಸ್ಟನ್ ಹಿಡಿದುಕೊಂಡು ಹಿಂದಿನ ಚಕ್ರ ಓಡುವಾಗಲೇ ಬಿಗಿದೀತು.

ತೂತನ್ನು ತೆಳ್ಳನೆಯ ತಾಮ್ರದ ತಂತಿಯಿಂದ ಬಿಡಿಸಿ, ಬಾಯಿಟ್ಟು ಊದಿ ನೋಡಿದರೆ ಸಾಕು. ಮಲೆನಾಡಿನ ಕಡೆಯವರು ಮಳೆನೀರು ಇಳಿಯದಿರಲೆಂದು ಮುಚ್ಚಳದ ಮೇಲೆ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟುತ್ತಾರಲ್ಲ, ಅದನ್ನು ಒಂದು ಬದಿ ಸಡಿಲ ಬಿಟ್ಟು ಕಟ್ಟಿ.