ಪದ ಪರಿಚಯ: ಆಕ್ಯುಪಂಕ್ಚರ್ (ಆಕ್ಯುಪ್ರೆಶರ್ ಅಲ್ಲ)

ಉಚಿತ ಆಕ್ಯುಪಂಕ್ಚರ್ ಶಿಬಿರ, ಸೂಜಿಯಿಲ್ಲ, ನೋವಿಲ್ಲ ಎಂಬ ಧಾಟಿಯ ಬ್ಯಾನರುಗಳು ಊರೂರಲ್ಲೂ ಕಾಣುತ್ತಿವೆ. ಆಕ್ಯುಪಂಕ್ಚರ್ ಎಂದರೆ ಮೈಯ ಗೊತ್ತಾದ ಬಿಂದುಗಳಲ್ಲಿ ಸೂಜಿ ಚುಚ್ಚುವ ಚೀನೀ ಚಿಕಿತ್ಸೆ; ಆಕ್ಯುಪ್ರೆಶರ್ ಎಂದರೆ ಅಂಥ ಬಿಂದುಗಳನ್ನು ಬೆರಳಿಂದ ಒತ್ತುವುದು. ಸೂಜಿಯೇ ಇಲ್ಲದಿದ್ದರೆ ಅದು ಆಕ್ಯುಪಂಕ್ಚರ್ ಹೇಗಾಗುತ್ತದೆ? ಅಂಥ ಕಡೆ ಸಾಮಾನ್ಯವಾಗಿ ಅಂಗಾಲು ಒತ್ತುತ್ತಾರೆ, ಮುಳ್ಳಿನ ಚಪ್ಪಲಿ ಮಾರುತ್ತಾರೆ. ಇನ್ನೊಂದು ಕಡೆ ನಿಜವಾಗಿ ಸೂಜಿ ಹಾಕಿಸಿಕೊಂಡು ಬಂದವರು "ಆಕ್ಯುಪ್ರೆಶರ್ ಮಾಡಿಸಿದೆ" ಅನ್ನುತ್ತಾರೆ. ಹೆಸರು ಅದಲುಬದಲಾದರೆ ಕೇಳಬೇಕಾದ ಪ್ರಶ್ನೆಯೂ ತಪ್ಪಿಹೋಗುತ್ತದೆ. ಬೆರಳಲ್ಲಿ ಒತ್ತುವವರ ಹತ್ತಿರ ಸೂಜಿ ಹೊಸದೋ ಹಳೆಯದೋ ಎಂದು ವಿಚಾರಿಸಬೇಕಿಲ್ಲ. ಚುಚ್ಚುವವರ ಹತ್ತಿರ ವಿಚಾರಿಸದೆ ಮಲಗಲೇಬಾರದು.

ಲ್ಯಾಟಿನ್‌ನಲ್ಲಿ 'ಆಕುಸ್' ಎಂದರೆ ಸೂಜಿ, 'ಪುಂಕ್ತೂರ' ಎಂದರೆ ಚುಚ್ಚುವಿಕೆ. ಟೈರ್ ಪಂಕ್ಚರ್ ಆಯಿತು ಅನ್ನುವಾಗ ನಾವು ಬಳಸುವುದೂ ಇದೇ ಪದ. ಚೀನಾದ ಚಿಕಿತ್ಸೆಗೆ ಲ್ಯಾಟಿನ್ ಹೆಸರು ಬಂದದ್ದು ಜಪಾನಿನ ಮೂಲಕ. ಡಚ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ವಿಲೆಮ್ ಟೆನ್ ರೈನ್ ನಾಗಸಾಕಿಯ ದೆಜಿಮಾ ದ್ವೀಪದಲ್ಲಿದ್ದಾಗ ಈ ಪದ್ಧತಿಯನ್ನು ಕಂಡು, 1683ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ತನ್ನ ಲ್ಯಾಟಿನ್ ಗ್ರಂಥದಲ್ಲಿ ಅದನ್ನು 'ಆಕುಪುಂಕ್ತೂರ' ಎಂದು ವಿವರಿಸಿದ. ಯುರೋಪಿಗೆ ಹೆಸರು ಪರಿಚಯವಾದದ್ದು ಹಾಗೆ. ಹೆಸರಿನಲ್ಲಿ ಸೂಜಿಯೂ ಇದೆ, ಚುಚ್ಚುವುದೂ ಇದೆ. ಇದಕ್ಕಿಂತ ಸ್ಪಷ್ಟವಾದ ಹೆಸರು ಇನ್ನೇನು ಬೇಕು?

ಎಡವಟ್ಟಾದದ್ದು 'ಆಕ್ಯುಪ್ರೆಶರ್' ಹುಟ್ಟಿದಾಗ. ಹಿಂದಿನ 'ಪಂಕ್ಚರ್' ಕತ್ತರಿಸಿ ಅಲ್ಲಿ 'ಪ್ರೆಶರ್' ಅಂಟಿಸಿದರು. ಮುಂದಿನ 'ಆಕ್ಯು' ಹಾಗೇ ಉಳಿಯಿತು. ಅಕ್ಷರಶಃ ನೋಡಿದರೆ ಅದು 'ಸೂಜಿ ಒತ್ತು', ಆದರೆ ಅಲ್ಲಿ ಸೂಜಿಯಿಲ್ಲ. ಆಮೇಲೆ 'ಆಕ್ಯು' ಎಂದರೆ 'ಚೀನೀ ಬಿಂದು' ಎಂಬ ಅರ್ಥ ಜನರ ಬಾಯಲ್ಲಿ ತಾನಾಗಿ ಬೆಳೆಯಿತು. ಎರಡೂ ಒಂದೇ ಅನ್ನುವ ಭಾವನೆಗೆ ಬೇರು ಅಲ್ಲಿದೆ. ಜಪಾನಿಯರು ಒತ್ತುವ ಪದ್ಧತಿಗೆ 'ಶಿಆತ್ಸು', ಅಂದರೆ 'ಬೆರಳ ಒತ್ತು', ಎಂದು ಪ್ರತ್ಯೇಕ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲೂ 'ಸೂಜಿ ಚಿಕಿತ್ಸೆ', 'ಒತ್ತು ಚಿಕಿತ್ಸೆ' ಎಂದುಬಿಟ್ಟರೆ ಗೊಂದಲಕ್ಕೆ ಜಾಗವೇ ಇಲ್ಲ.

ಇನ್ನು ಅಂಗಾಲಿನ ಚಿತ್ರಪಟ: ಹೆಬ್ಬೆರಳಲ್ಲಿ ಮೆದುಳು, ಹಿಮ್ಮಡಿಯ ಹತ್ತಿರ ಕರುಳು ಎಂದು ಬಣ್ಣ ಬಳಿದದ್ದು. ಅದು ಚೀನಾದ್ದೂ ಅಲ್ಲ, ಆಕ್ಯುಪ್ರೆಶರ್ ಕೂಡ ಅಲ್ಲ. ಅದರ ಹೆಸರು ರಿಫ್ಲೆಕ್ಸಾಲಜಿ. ಅಮೆರಿಕದ ವೈದ್ಯ ವಿಲಿಯಂ ಫಿಟ್ಜ್‌ಜೆರಾಲ್ಡ್ 1910ರ ದಶಕದಲ್ಲಿ ಹೇಳಿದ, ದೇಹವನ್ನು ಉದ್ದುದ್ದ ವಲಯಗಳಾಗಿ ಭಾಗಿಸುವ ಸಿದ್ಧಾಂತವನ್ನು 1930ರ ದಶಕದಲ್ಲಿ ಯೂನಿಸ್ ಇಂಗ್ಹ್ಯಾಮ್ ಪಾದಕ್ಕೆ ಹೊಂದಿಸಿದರು. 'ಚೀ' ಎಂಬ ಜೀವಶಕ್ತಿ ಹರಿಯುವ ದಾರಿಗಳೆಂದು ಚೀನೀ ಪದ್ಧತಿ ಹೇಳುವ 14 ನಾಡಿಮಾರ್ಗಗಳಿಗೂ ಅವುಗಳ ಮೇಲಿನ 361 ಬಿಂದುಗಳಿಗೂ ಈ ಪಟಕ್ಕೂ ಸಂಬಂಧವಿಲ್ಲ.

ಚೀನಿಯರು ತಮ್ಮ ಚಿಕಿತ್ಸೆಯನ್ನು ಬರೀ ಸೂಜಿ ಎಂದು ಕರೆಯುವುದಿಲ್ಲ. ಅವರ ಪದ 'ಝೆನ್‌ಜ್ಯೂ'. 'ಝೆನ್' ಸೂಜಿ, 'ಜ್ಯೂ' ಕಾವು ಕೊಡುವುದು. ಲ್ಯಾಟಿನ್ ಹೆಸರಿನಲ್ಲಿ ಈ ಅರ್ಧ ಬಿದ್ದುಹೋಗಿದ್ದರಿಂದ, ಸೂಜಿಗೆಂದು ಹೋದವರು ವೈದ್ಯರು ಹೊಗೆಯಾಡುವ ಕಡ್ಡಿ ಹಿಡಿದು ಬಂದಾಗ ಗಾಬರಿಯಾಗುತ್ತಾರೆ. ಆ ಕಡ್ಡಿಯೊಳಗಿರುವುದು ನಮ್ಮ ಗಣೇಶನ ಪತ್ರೆಗಳಲ್ಲಿ ಒಂದಾದ ಮಾಚಿಪತ್ರೆಯದೇ ಕುಲದ ಗಿಡ. ಅದರ ಎಲೆ ಒಣಗಿಸಿ, ಕುಟ್ಟಿ, ನಾರು ಹತ್ತಿಯಂತಾಗುವವರೆಗೆ ಜರಡಿ ಹಿಡಿದು, ಕಾಗದದಲ್ಲಿ ಸುತ್ತುತ್ತಾರೆ. ಇದಕ್ಕೆ ಮಾಕ್ಸಾ ಅನ್ನುತ್ತಾರೆ; ಅದು ಜಪಾನಿನ 'ಮೊಗುಸಾ' ಪದದ ರೂಪ. ಕೆಂಡದ ತುದಿಯನ್ನು ಚರ್ಮದಿಂದ 2–3 ಸೆಂ.ಮೀ. ದೂರ ಹಿಡಿದು, ಜಾಗ ಕೆಂಪಗಾಗುವ ತನಕ, ಹೆಚ್ಚೆಂದರೆ 10–15 ನಿಮಿಷ ಕಾವು ಕೊಡುತ್ತಾರೆ. ಇದನ್ನು ನಮ್ಮ ಹಳ್ಳಿಗಳ 'ಬರೆ ಹಾಕುವುದಕ್ಕೆ' ಹೋಲಿಸುವವರಿದ್ದಾರೆ. ಚರ್ಮದ ಮೇಲೇ ಸುಟ್ಟು ಕಲೆ ಮಾಡುವ ರೂಢಿ ಅಲ್ಲೂ ಇತ್ತು, ನಿಜ. ಇಂದಿನ ಚಿಕಿತ್ಸಾಲಯದಲ್ಲಿ ಬೊಬ್ಬೆ ಎದ್ದರೆ ಅದು ಕಡ್ಡಿ ಹಿಡಿದವರ ಅಜಾಗರೂಕತೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಳೆದುಕೊಂಡವರು ಅಲ್ಲಿ ಕಾವು ಕೊಡಿಸಿಕೊಳ್ಳಬಾರದು, ಸುಟ್ಟದ್ದೇ ತಿಳಿಯುವುದಿಲ್ಲ. ಹೊಗೆ ಗಾಢವಾಗಿರುತ್ತದೆ, ಅಸ್ತಮಾ ಇದ್ದರೆ ಮೊದಲೇ ಹೇಳಬೇಕು.

ಸೂಜಿಯ ವಿಷಯಕ್ಕೆ ಬರೋಣ. ಇಂಜೆಕ್ಷನ್ ಸೂಜಿ ಟೊಳ್ಳು, ತುದಿ ಓರೆಯಾಗಿ ಕೊಯ್ದಿರುತ್ತದೆ, ಸಾಮಾನ್ಯ ದಪ್ಪ 0.6 ಮಿ.ಮೀ. ಆಸುಪಾಸು. ಆಕ್ಯುಪಂಕ್ಚರ್ ಸೂಜಿ ಗಟ್ಟಿ ಉಕ್ಕಿನ ತಂತಿ, ದಪ್ಪ 0.16ರಿಂದ 0.30 ಮಿ.ಮೀ., ಉದ್ದ ಹೆಚ್ಚಾಗಿ 25 ಅಥವಾ 40 ಮಿ.ಮೀ. ಅದರ ಮೂಲಕ ಯಾವ ಔಷಧಿಯೂ ಒಳಗೆ ಹೋಗುವುದಿಲ್ಲ. ಪುಟ್ಟ ಪ್ಲಾಸ್ಟಿಕ್ ಕೊಳವೆಯೊಳಗೆ ಸೂಜಿ ಇಟ್ಟು, ಹಿಡಿಯ ಮೇಲೆ ಬೆರಳಿಂದ ಒಮ್ಮೆ ತಟ್ಟಿದರೆ ಚರ್ಮ ದಾಟುತ್ತದೆ. ಈ ಕೊಳವೆ ತಂತ್ರ 17ನೇ ಶತಮಾನದ ಜಪಾನಿನ ಅಂಧ ವೈದ್ಯ ಸುಗಿಯಾಮಾ ವಾಇಚಿಯದು ಎನ್ನುತ್ತಾರೆ.

ಬಿಂದು ಎಲ್ಲಿದೆ ಎಂದು ಅಳೆಯುವುದು ರೋಗಿಯ ಬೆರಳಿನ ಲೆಕ್ಕದಲ್ಲಿ. ಅವರ ಹೆಬ್ಬೆರಳಿನ ಅಗಲ ಒಂದು 'ತ್ಸುನ್', ನಾಲ್ಕು ಬೆರಳು ಜೋಡಿಸಿದರೆ ಮೂರು. ಹೆಚ್ಚು ಬಳಕೆಯಲ್ಲಿರುವ 'ತ್ಸುಸಾನ್ಲಿ' ಬಿಂದುವನ್ನೇ ತೆಗೆದುಕೊಳ್ಳಿ. ಮಂಡಿ ಮಡಚಿದಾಗ ಚಿಪ್ಪಿನ ಕೆಳಗೆ ಹೊರಬದಿಯಲ್ಲಿ ಒಂದು ಕುಳಿ ಸಿಗುತ್ತದೆ. ಅಲ್ಲಿಂದ ನಾಲ್ಕು ಬೆರಳು ಕೆಳಗೆ, ಕಾಲಿನ ಮುಂಭಾಗದ ಮೂಳೆಯ ಅಂಚಿನಿಂದ ಒಂದು ಬೆರಳು ಹೊರಗೆ. ಅಲ್ಲಿ ಮಾಂಸ ದಪ್ಪ ಇರುವುದರಿಂದ ಸೂಜಿ 25 ಮಿ.ಮೀ.ಗೂ ಹೆಚ್ಚು ಇಳಿಯಬಹುದು. ಬೆರಳ ತುದಿಯ ಬಿಂದುಗಳಲ್ಲಿ 2–3 ಮಿ.ಮೀ. ಸಾಕು. ಹಾಗಾಗಿ ಎಷ್ಟು ಆಳ ಚುಚ್ಚುತ್ತೀರಿ ಎಂದು ಒಟ್ಟಾರೆ ಕೇಳಿದರೆ ಉತ್ತರವಿಲ್ಲ, ಎಲ್ಲಿ ಎಂದು ಕೇಳಬೇಕು.

ಚರ್ಮ ದಾಟುವಾಗ ಚುರುಕ್ ಎನ್ನುವುದು ಒಂದು ಕ್ಷಣ. ಆಮೇಲೆ ಸೂಜಿಯನ್ನು ಹಗುರವಾಗಿ ತಿರುಗಿಸಿದಾಗ ಸುತ್ತಲೂ ಭಾರ, ಜೋಮು, ಒಳಗೊಳಗೇ ಬಿಗಿದಂಥ ಮಂದ ನೋವು ಬರುತ್ತದೆ. ಚೀನೀ ಭಾಷೆಯಲ್ಲಿ ಇದಕ್ಕೆ 'ದ ಚೀ', ಚೀ ಸಿಕ್ಕಿತು ಎಂದರ್ಥ. ಇದು ಬರಬೇಕೆಂದೇ ವೈದ್ಯರು ಕಾಯುತ್ತಾರೆ. ಆದರೆ ಕರೆಂಟ್ ಹೊಡೆದಂತೆ ಬೆರಳ ತನಕ ಓಡುವ ಚುಳುಕು ಬೇರೆ. ಅದು ನರಕ್ಕೆ ತಾಗಿದ ಗುರುತು. ಸಹಿಸಿಕೊಂಡು ಸುಮ್ಮನಿರಬೇಡಿ, ಹೇಳಿ. ಸೂಜಿಯನ್ನು ತುಸು ಹಿಂದಕ್ಕೆಳೆಯುತ್ತಾರೆ. 5ರಿಂದ 20 ಸೂಜಿ, 20–30 ನಿಮಿಷ. ಆ ಹೊತ್ತಿನಲ್ಲಿ ಕೈಕಾಲು ಆಡಿಸಿದರೆ ಸ್ನಾಯು ಸೂಜಿಯನ್ನು ಹಿಡಿದುಬಿಡುತ್ತದೆ, ಸೂಜಿ ಬಾಗುತ್ತದೆ. ಸಿಕ್ಕಿಕೊಂಡ ಸೂಜಿಯನ್ನು ಎಳೆದಾಡಬಾರದು; ಸ್ವಲ್ಪ ಹೊತ್ತು ಬಿಟ್ಟು, ಸುತ್ತ ಮೆಲ್ಲನೆ ತಟ್ಟಿದರೆ ಸಡಿಲವಾಗುತ್ತದೆ.

ಹೊಟ್ಟೆ ಹಸಿದು ಹೋದವರು, ಮೊದಲ ಸಲ ಕೂತುಕೊಂಡೇ ಹಾಕಿಸಿಕೊಂಡವರು ತಲೆಸುತ್ತಿ ಬೀಳುವುದುಂಟು. ಬೆವರಿ ಬಿಳಿಚಿಕೊಂಡರೆ ಎಲ್ಲ ಸೂಜಿ ತೆಗೆದು, ಮಲಗಿಸಿ, ಕಾಲು ಎತ್ತರಿಸಿ, ಚೇತರಿಸಿಕೊಂಡ ಮೇಲೆ ಬೆಚ್ಚಗಿನ ಸಿಹಿನೀರು ಕೊಡಬೇಕು. ಹೋಗುವ ಒಂದೆರಡು ಗಂಟೆ ಮುಂಚೆ ಸ್ವಲ್ಪ ತಿಂದು, ಮೊದಲ ಸಲ ಮಲಗಿಯೇ ಹಾಕಿಸಿಕೊಂಡರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಅಲ್ಲಲ್ಲಿ ನೀಲಿಗಟ್ಟುವುದು, ಒಂದು ಹನಿ ರಕ್ತ, ಆ ದಿನ ಮಂಪರು ಇವಕ್ಕೆ ಹೆದರಬೇಕಿಲ್ಲ.

ಹೆದರಬೇಕಾದದ್ದು ಎರಡು. ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕಿದ ಕಡೆ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳು ದಾಖಲಾಗಿವೆ. ಮೊಹರು ಮಾಡಿದ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯಬೇಕು, ಬಳಸಿದ್ದನ್ನು ಗಟ್ಟಿ ಡಬ್ಬಿಗೆ ಹಾಕಬೇಕು. "ನಿಮ್ಮ ಸೂಜಿ ನಿಮಗೇ ಎತ್ತಿಟ್ಟಿದ್ದೇವೆ" ಅನ್ನುವ ಕಡೆಯಿಂದ ಎದ್ದು ಬನ್ನಿ. ಎರಡನೆಯದು ಅಪರೂಪ, ಆದರೆ ಅಪಾಯದ್ದು: ಭುಜದ ಮೇಲ್ಭಾಗದಲ್ಲೋ ಎದೆ-ಬೆನ್ನಿನ ಮೇಲೋ ಆಳಕ್ಕೆ ಚುಚ್ಚಿ ಶ್ವಾಸಕೋಶದ ಹೊದಿಕೆ ತೂತಾಗುವುದು. ಚಿಕಿತ್ಸೆಯಾದ ಕೆಲವು ಗಂಟೆಗಳಲ್ಲಿ ಎದೆ ಹಿಡಿದುಕೊಂಡರೆ, ಉಸಿರು ಸಿಕ್ಕಿಕೊಂಡರೆ, ನೇರ ಆಸ್ಪತ್ರೆಗೆ ಹೋಗಿ ಎದೆಯ ಎಕ್ಸ್‌ರೇ ಮಾಡಿಸಬೇಕು. ರಕ್ತ ತೆಳುವಾಗಿಸುವ ಮಾತ್ರೆ, ಪೇಸ್‌ಮೇಕರ್, ಗರ್ಭ ಇವನ್ನು ಅವರು ಕೇಳದಿದ್ದರೂ ನೀವೇ ಹೇಳಿ. ಪೇಸ್‌ಮೇಕರ್ ಇದ್ದವರಿಗೆ ಸೂಜಿಗೆ ಕರೆಂಟ್ ಕೊಡುವ ವಿಧಾನ ಬೇಡ.

ಯಾವುದಕ್ಕೆ ಉಪಯೋಗ? ತಿಂಗಳುಗಟ್ಟಲೆ ಕಾಡುವ ಸೊಂಟ, ಕುತ್ತಿಗೆ ನೋವು, ಮಂಡಿ ಸವೆತದ ನೋವು, ಮೈಗ್ರೇನ್, ಆಪರೇಷನ್ ಅಥವಾ ಕೀಮೋ ನಂತರದ ವಾಕರಿಕೆ. ಇವುಗಳಲ್ಲಿ ಸಂಶೋಧನೆಯ ಆಧಾರ ಸ್ವಲ್ಪ ಗಟ್ಟಿ. ಹಾಗಿದ್ದರೂ ಸುಳ್ಳು ಜಾಗದಲ್ಲಿ ಚುಚ್ಚಿದವರಿಗೂ ನಿಜವಾದ ಬಿಂದುವಿನಲ್ಲಿ ಚುಚ್ಚಿದವರಿಗೂ ಕಂಡ ವ್ಯತ್ಯಾಸ ಚಿಕ್ಕದು. ಇದನ್ನು ಮುಚ್ಚಿಡುವವರ ಮಾತು ನಂಬಬೇಡಿ. ವಾರಕ್ಕೆ ಒಂದೆರಡರಂತೆ 6ರಿಂದ 12 ಸಲ ಎಂಬುದು ಸಾಮಾನ್ಯ ಲೆಕ್ಕ. ಐದಾರು ಸಲವಾದರೂ ಏನೂ ಬದಲಾಗದಿದ್ದರೆ ಅಲ್ಲಿಗೆ ನಿಲ್ಲಿಸುವುದು ಒಳ್ಳೆಯದು. ಸಕ್ಕರೆ ಕಾಯಿಲೆ, ಥೈರಾಯ್ಡ್, ಕ್ಯಾನ್ಸರ್‌ಗೆ ಮಾತ್ರೆ ಬಿಟ್ಟು ಸೂಜಿ ಹಾಕಿಸಿಕೊಳ್ಳಿ ಎಂದವರ ಹತ್ತಿರ ಮತ್ತೆ ಹೋಗಬೇಡಿ.

"ಚೀನಾದಲ್ಲಿ ಅಮೆರಿಕದ ಪತ್ರಕರ್ತನಿಗೆ ಬರೀ ಸೂಜಿ ಚುಚ್ಚಿ ಅಪೆಂಡಿಕ್ಸ್ ತೆಗೆದರು" ಎಂಬ ಕಥೆಯನ್ನೂ ಇಲ್ಲಿಗೇ ನಿಲ್ಲಿಸೋಣ. 1971ರಲ್ಲಿ ಬೀಜಿಂಗ್‌ನಲ್ಲಿ ಜೇಮ್ಸ್ ರೆಸ್ಟನ್ ಅವರಿಗೆ ಆಪರೇಷನ್ ಮಾಡಿದ್ದು ಎಲ್ಲರಿಗೂ ಕೊಡುವಂಥ ಅರಿವಳಿಕೆ ಇಂಜೆಕ್ಷನ್ ಕೊಟ್ಟೇ. ಸೂಜಿ ಹಾಕಿದ್ದು ಆಮೇಲೆ, ಹೊಟ್ಟೆಯುಬ್ಬರದ ಸಂಕಟಕ್ಕೆ. ಅವರೇ ಹಾಗೆ ಬರೆದಿದ್ದಾರೆ.

ಭಾರತಕ್ಕೆ ಇದನ್ನು ತಂದವರು ಕೋಲ್ಕತ್ತದ ಡಾ. ಬಿಜಯ್ ಕುಮಾರ್ ಬಸು. 1938ರಲ್ಲಿ ಸೊಲ್ಲಾಪುರದ ಡಾ. ದ್ವಾರಕಾನಾಥ ಕೋಟ್ನಿಸ್ ಅವರ ಜೊತೆ ಚೀನಾಕ್ಕೆ ಹೋದ ವೈದ್ಯ ತಂಡದಲ್ಲಿದ್ದವರು. 1959ರಲ್ಲಿ ಇಲ್ಲಿ ಚಿಕಿತ್ಸೆ ಶುರುಮಾಡಿದರು. ಪಶ್ಚಿಮ ಬಂಗಾಳದಲ್ಲಿ 1996ರ, ಮಹಾರಾಷ್ಟ್ರದಲ್ಲಿ 2015ರ ಹೆಸರಿನ, ಇದಕ್ಕೇ ಮೀಸಲಾದ ಪ್ರತ್ಯೇಕ ಕಾಯ್ದೆಯಿದೆ. ನಮ್ಮಲ್ಲಿ ಹೆಚ್ಚಿನವರಿಗೆ ಇದು ಸಿಗುವುದು ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಗಳಲ್ಲಿ, ಬಿ.ಎನ್.ವೈ.ಎಸ್. (ಪ್ರಕೃತಿ ಚಿಕಿತ್ಸೆ ಮತ್ತು ಯೋಗ) ಪದವಿಯಲ್ಲಿ ಇದನ್ನು ಕಲಿತ ವೈದ್ಯರಿಂದ. ಹಾಗೆಂದು ಇದು ಆಯುರ್ವೇದದ ಭಾಗವಲ್ಲ.

ವೈದ್ಯರು ನಾಲಿಗೆ ನೋಡುತ್ತಾರೆ, ಎರಡೂ ಮಣಿಕಟ್ಟಿನಲ್ಲಿ ಮೂರು ಮೂರು ಜಾಗ ನಾಡಿ ಹಿಡಿಯುತ್ತಾರೆ. ಅಂದು ಬೆಳಿಗ್ಗೆ ನಾಲಿಗೆ ಉಜ್ಜಬೇಡಿ, ಕಾಫಿ ಕುಡಿದು ಹೋಗಬೇಡಿ. ಲೇಪದ ಬಣ್ಣ ಬದಲಾಗುತ್ತದೆ. ಆಮೇಲೆ ಅವರು "ಕಿಡ್ನಿ ವೀಕ್" ಎಂದರೆ ಕ್ರಿಯಾಟಿನಿನ್ ಟೆಸ್ಟಿಗೆ ಓಡಬೇಡಿ. ಚೀನೀ ವೈದ್ಯದ 'ಕಿಡ್ನಿ' ಸೊಂಟ, ಮೂಳೆ, ಕಿವಿ, ಸಂತಾನಶಕ್ತಿ ಎಲ್ಲವನ್ನೂ ಒಳಗೊಂಡ ಒಂದು ಕಲ್ಪನೆ. ಆಯುರ್ವೇದದ ವಾತ ಹೇಗೆ ಬರೀ ಗಾಳಿಯಲ್ಲವೋ ಹಾಗೆ. ಅಂಗದ ರೋಗವಿದೆಯೋ ಇಲ್ಲವೋ ಎಂಬುದನ್ನು ಈ ಮಾತಿನಿಂದ ಯಾವ ಕಡೆಗೂ ತೀರ್ಮಾನಿಸಲಾಗದು.

ಕೊನೆಯದಾಗಿ ಚೀನೀ ಮೂಲಿಕೆ. ಸಿಂಗಪುರ, ಮಲೇಷ್ಯಾ, ಅಮೆರಿಕದಲ್ಲಿರುವ ಕನ್ನಡಿಗರಿಗೆ ಸೂಜಿಯ ಜೊತೆಗೇ ಇದರ ಪೊಟ್ಟಣವೂ ಕೈಗೆ ಬರುತ್ತದೆ. ಒಂದು ಗಿಡ, ಒಂದು ರೋಗ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹಲವು ಮೂಲಿಕೆಗಳು ಕೂಡಿದ ಯೋಗವನ್ನೇ ಕೊಡುತ್ತಾರೆ. ಹಳೆಯ 'ಗ್ವೇಜಿ ತಾಂಗ್' ಕಷಾಯವನ್ನು ನೋಡಿ: ದಾಲ್ಚಿನ್ನಿ ರೆಂಬೆ 9 ಗ್ರಾಂ, ಪಿಯೋನಿ ಬೇರು 9 ಗ್ರಾಂ, ಹಸಿ ಶುಂಠಿ 9 ಗ್ರಾಂ, ಹುರಿದ ಜ್ಯೇಷ್ಠಮಧು 6 ಗ್ರಾಂ, ಜೊತೆಗೆ ಚೀನೀ ಬೋರೆಹಣ್ಣು. ಹೆಚ್ಚಿನವು ನಮ್ಮ ಅಡುಗೆಮನೆಗೂ ಗೊತ್ತಿರುವುವೇ.

ಕಾಯಿಸುವುದು ಮಣ್ಣಿನ, ಪಿಂಗಾಣಿಯ ಅಥವಾ ಸ್ಟೀಲಿನ ಪಾತ್ರೆಯಲ್ಲಿ. ಕಬ್ಬಿಣ, ತಾಮ್ರ, ಅಲ್ಯುಮಿನಿಯಂ ಬೇಡ. ಮೂಲಿಕೆಯ ಮೇಲೆ ಎರಡು ಮೂರು ಸೆಂ.ಮೀ. ತಣ್ಣೀರು ನಿಲ್ಲುವಂತೆ ಅರ್ಧ ಗಂಟೆ ನೆನೆಸಿ, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 20–30 ನಿಮಿಷ ಇಟ್ಟು ಸೋಸಿ. ಅದೇ ಗಸಿಗೆ ಕಡಿಮೆ ನೀರು ಹಾಕಿ ಮತ್ತೊಮ್ಮೆ ಕುದಿಸಿ ಎರಡನ್ನೂ ಬೆರೆಸಿದರೆ ಸುಮಾರು 300–400 ಮಿ.ಲೀ. ಬರುತ್ತದೆ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ, ಬೆಚ್ಚಗೆ. ಪುದೀನದಂಥ ಪರಿಮಳದ ಎಲೆಯನ್ನು ಕೊನೆಯ ಐದು ನಿಮಿಷಕ್ಕೆ ಹಾಕಬೇಕು, ಮೊದಲೇ ಹಾಕಿದರೆ ಎಣ್ಣೆ ಹಾರಿಹೋಗುತ್ತದೆ. ಚಿಪ್ಪು, ಖನಿಜ ಮೊದಲೇ ಕುದಿಯಬೇಕು. ಸಂಸ್ಕರಿಸಿದ ವತ್ಸನಾಭಿಯ ಬೇರು ಇದ್ದರೆ ಒಂದು ಗಂಟೆಗೂ ಹೆಚ್ಚು. ಸರಿಯಾಗಿ ಬೇಯದಿದ್ದರೆ ಅದು ವಿಷ, ಹೃದಯದ ಬಡಿತ ಕೆಡಿಸುತ್ತದೆ. ಹೀಗೆ ಬೇರೆಬೇರೆ ಹಾಕಬೇಕಾದದ್ದನ್ನು ಪ್ರತ್ಯೇಕ ಪೊಟ್ಟಣ ಕಟ್ಟಿಕೊಡುತ್ತಾರೆ. ಎಲ್ಲ ಒಟ್ಟಿಗೆ ಸುರಿದುಬಿಡುವುದೇ ಮನೆಯಲ್ಲಾಗುವ ದೊಡ್ಡ ತಪ್ಪು.

ಇಲ್ಲೂ ಹೆಸರು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಬೆಲ್ಜಿಯಂನಲ್ಲಿ ಆದದ್ದಿದೆ. 1990ರ ದಶಕದ ಆರಂಭದಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ 'ಹಾನ್ ಫಾಂಗ್‌ಜಿ' ಎಂಬ ಬೇರು ಇರಬೇಕಿತ್ತು. ಹೆಸರು ಹತ್ತಿರವಾದ 'ಗ್ವಾಂಗ್ ಫಾಂಗ್‌ಜಿ' ಸೇರಿತು. ಅದರಲ್ಲಿದ್ದ ಅರಿಸ್ಟೊಲೊಕಿಕ್ ಆಮ್ಲದಿಂದ ನೂರಕ್ಕೂ ಹೆಚ್ಚು ಮಂದಿಯ ಮೂತ್ರಪಿಂಡ ಹಾಳಾಯಿತು, ಹಲವರಿಗೆ ಮುಂದೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಈ ಸಲ ಕೆಟ್ಟದ್ದು ಎಲ್ಲರಿಗೂ ಅರ್ಥವಾಗುವ ಕಿಡ್ನಿಯೇ.

ಹಾಗಾಗಿ ಚೀಟಿಯಲ್ಲಿ ಪ್ರತಿ ಗಿಡದ ಸಸ್ಯಶಾಸ್ತ್ರೀಯ ಹೆಸರನ್ನೂ ಗ್ರಾಂ ಲೆಕ್ಕವನ್ನೂ ಬರೆಸಿಕೊಳ್ಳಿ. ಹೆಸರಿಲ್ಲದ ಕಪ್ಪು ಗುಳಿಗೆ ತೆಗೆದುಕೊಳ್ಳಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು 'ದಾನ್‌ಶೆನ್' ಮತ್ತು 'ದಾಂಗ್‌ಗ್ವೇ' ಎಂಬ ಬೇರುಗಳನ್ನು ಮುಟ್ಟಬಾರದು, ರಕ್ತಸ್ರಾವ ಹೆಚ್ಚುತ್ತದೆ. ಬಿಪಿ ಇದ್ದವರಿಗೆ ಜ್ಯೇಷ್ಠಮಧು ದಿನಗಟ್ಟಲೆ ಬೇಡ. ಅದು ಬಿಪಿ ಏರಿಸಿ ಪೊಟ್ಯಾಸಿಯಂ ಇಳಿಸುತ್ತದೆ. ಆಪರೇಷನ್ ಇದ್ದರೆ ಎರಡು ವಾರ ಮೊದಲೇ ಕಷಾಯ ನಿಲ್ಲಿಸಿ, ಆ ಚೀಟಿಯನ್ನು ಅರಿವಳಿಕೆ ಕೊಡುವ ವೈದ್ಯರಿಗೆ ತೋರಿಸಿ.