ಲ್ಯಾಗಾಫ್ಥಾಲ್ಮಸ್ ಅಂದರೆ ಕಣ್ಣು ಒಣಗುವುದಲ್ಲ

ಲ್ಯಾಗಾಫ್ಥಾಲ್ಮಸ್ ಅಂದರೆ ಕಣ್ಣು ಒಣಗುವ ಕಾಯಿಲೆ ಅಂತ ಬರೆಯುವವರು ಜಾಸ್ತಿಯಾಗಿದ್ದಾರೆ. ಅಲ್ಲ. ರೆಪ್ಪೆಗಳು ಪೂರ್ತಿ ಮುಚ್ಚಿಕೊಳ್ಳದ ಸ್ಥಿತಿ ಅದು. ಒಣಗುವುದು ಆಮೇಲಿನ ಮಾತು. ಹಾಗೆ ತೆರೆದೇ ಇದ್ದು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಹಾಳಾದರೆ ಅದಕ್ಕೆ ಎಕ್ಸ್‌ಪೋಷರ್ ಕೆರಟೋಪತಿ ಅಂತ ಬೇರೆ ಹೆಸರೇ ಇದೆ. ಎರಡನ್ನೂ ಒಂದು ಮಾಡಿದರೆ ‘ಡ್ರಾಪ್ಸ್ ಹಾಕಿದೆವಲ್ಲ’ ಅಂತ ರೆಪ್ಪೆ ಮುಚ್ಚಿಸುವುದನ್ನೇ ಬಿಟ್ಟುಬಿಡುತ್ತಾರೆ.

ಪದ ಗ್ರೀಕ್ ಮೂಲದ್ದು. ಲಾಗೋಸ್ ಅಂದರೆ ಮೊಲ, ಆಫ್ಥಾಲ್ಮೋಸ್ ಅಂದರೆ ಕಣ್ಣು. ಮೊಲ ಕಣ್ಣು ಬಿಟ್ಟುಕೊಂಡೇ ಮಲಗುತ್ತದೆ ಎಂದು ಹಿಂದಿನವರು ನಂಬಿದ್ದರು, ಅದಕ್ಕೇ ನಿದ್ದೆಯಲ್ಲೂ ರೆಪ್ಪೆ ಸೇರದವರದು ಮೊಲದ ಕಣ್ಣು. ಕಣ್ಣು ತೆರೆದಿದೆ, ಎಚ್ಚರ ಇಲ್ಲ ಅನ್ನುವುದು ಹೆಸರಲ್ಲೇ ಇದೆ, ಅಲ್ವಾ? ಆದರೂ ಐಸಿಯುನಲ್ಲಿ ‘ಅರ್ಧ ಕಣ್ಣು ಬಿಟ್ಟಿದ್ದಾರೆ, ಎಚ್ಚರ ಬರ್ತಿದೆ’ ಅಂತ ಮನೆಯವರು ಆಸೆಪಡುತ್ತಾರೆ. ಮಂಪರಿನ ಔಷಧದಿಂದ, ಸ್ನಾಯು ಸಡಿಲಿಸುವ ಔಷಧದಿಂದ ರೆಪ್ಪೆಯ ಬಿಗಿ ಹೋಗಿದ್ದರೂ ಹಾಗೇ ಕಾಣುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಕೆಟ್ಟದ್ದು: ಎಚ್ಚರವಿಲ್ಲದ ರೋಗಿಯ ಕಣ್ಣಲ್ಲಿ ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕಾರ್ನಿಯಾಗೆ ರಕ್ಷಣೆ ಅನ್ನುವುದು. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚಾಗಿ ಗಾಳಿಯಿಂದ ಕಣ್ಣೀರಿನ ಮೂಲಕ ಸಿಗಬೇಕು. ಮಿಟುಕಿಸುವುದು ನಿಂತರೆ ಲೆನ್ಸ್ ಕೆಳಗಿನ ಕಣ್ಣೀರು ಬದಲಾಗುವುದಿಲ್ಲ, ಲೆನ್ಸ್ ಒಣಗಿ ಅಂಟಿಕೊಳ್ಳುತ್ತದೆ, ಸೂಡೊಮೊನಾಸ್‌ನಂಥ ಬ್ಯಾಕ್ಟೀರಿಯಾ ಹೊಕ್ಕರೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ರೋಗಿಗೆ ಉರಿ ಅಂತ ಹೇಳುವ ಶಕ್ತಿ ಇಲ್ಲ. ಹಾಗಾಗಿ ರೋಗಿ ಲೆನ್ಸ್ ಹಾಕಿಕೊಳ್ಳುವವರು ಅನ್ನುವುದನ್ನು ಮನೆಯವರು, ಕೇಳದಿದ್ದರೂ, ಮೊದಲೇ ನರ್ಸ್‌ಗೆ ಹೇಳಬೇಕು. ಕನ್ನಡಕ ಇಲ್ಲ ಎಂದ ಮಾತ್ರಕ್ಕೆ ಲೆನ್ಸೂ ಇಲ್ಲ ಎಂದಲ್ಲ.

ತೆಗೆಯುವುದು ಗೊತ್ತಿದ್ದವರ ಕೆಲಸ. ಸಾಫ್ಟ್ ಲೆನ್ಸ್ ಒಣಗಿದ್ದರೆ ಸ್ಟೆರೈಲ್ ಸಲೈನ್ (ಕ್ರಿಮಿರಹಿತ ಉಪ್ಪುನೀರು) ಹಾಕಿ, ಅದು ಸಡಿಲವಾಗಿ ಜಾರುವ ತನಕ ಕಾಯಬೇಕು. ಸುಮ್ನೆ ಎಳೆದರೆ ಕಾರ್ನಿಯಾದ ಮೇಲ್ಪದರವೇ ಕಿತ್ತುಬರಬಹುದು. ಗಟ್ಟಿ ಲೆನ್ಸ್‌ಗೆ ಪುಟ್ಟ ರಬ್ಬರ್ ಸಕ್ಷನ್ ಕಪ್ ಇದೆ, ಒತ್ತುವ ಮೊದಲು ಕೆಳಗಿರುವುದು ಲೆನ್ಸೇ ಅಂತ ಖಚಿತ ಮಾಡಿಕೊಳ್ಳಬೇಕು. ಕಣ್ಣುಗುಡ್ಡೆಗೇ ಪೆಟ್ಟು ಬಿದ್ದ ಅನುಮಾನ ಇದ್ದರೆ ಮುಟ್ಟಬಾರದು, ಕಣ್ಣಿನ ಡಾಕ್ಟರ್ ಬರಲಿ. ತೆಗೆದ ಲೆನ್ಸ್‌ಗಳನ್ನು ಬಲ, ಎಡ ಅಂತ ಬರೆದು ಬೇರೆ ಬೇರೆ ಇಡಬೇಕು.